ಟೋನ್‌ಆರ್ಮ್ ಬದಲಿಸಬೇಕೆ? ಜೋಡಣೆ ಅರ್ಧಕ್ಕೆ ಬಂದಾಗ ಏಳುವ ಪ್ರಶ್ನೆ

ಟರ್ನ್‌ಟೇಬಲ್ಲಿನ ಟೋನ್‌ಆರ್ಮ್ ಎಂಬ ತೋಳು ಮಾಡಬೇಕಾದದ್ದು ಕೇಳಲಿಕ್ಕೆ ಸುಲಭವಾದ ಕೆಲಸ. ಮುಳ್ಳು ಹೊತ್ತ ಕಾರ್ಟ್ರಿಜ್ಜನ್ನು ರೆಕಾರ್ಡಿನ ಮೇಲೆ ಸರಿಯಾದ ಜಾಗದಲ್ಲಿ, ಸರಿಯಾದ ಕೋನದಲ್ಲಿ, ಸರಿಯಾದ ಭಾರದಲ್ಲಿ ಹಿಡಿದಿಟ್ಟರೆ ಸಾಕು. ಗೀರಿನ ಏರಿಳಿತಕ್ಕೆ ತಕ್ಕಂತೆ ಮುಳ್ಳು ಅಲುಗಬೇಕು, ಕಾರ್ಟ್ರಿಜ್ಜಿನ ಮೈ ಮಾತ್ರ ಅಲುಗಬಾರದು. ಆದರೆ ಇದೇ ತೋಳು ರೆಕಾರ್ಡಿನ ಅಂಚಿನಿಂದ ನಡುವಿನವರೆಗೆ ಸಾಗಬೇಕು, ರೆಕಾರ್ಡು ಸೊಟ್ಟಗಾಗಿದ್ದರೆ ಮೇಲಕ್ಕೂ ಕೆಳಕ್ಕೂ ಏರಿಳಿಯಬೇಕು, ಅದೂ ಮುಳ್ಳಿಗೆ ಯಾವ ತಡೆಯೂ ತಾಗದಂತೆ. ಬಿಗಿಯಾಗಿಯೂ ಹಿಡಿಯಬೇಕು, ಸಲೀಸಾಗಿಯೂ ಬಿಡಬೇಕು. ಒಂದಕ್ಕೊಂದು ಎದುರಾದ ಈ ಎರಡು ಬೇಡಿಕೆಗಳನ್ನು ಒಂದೇ ಬೇರಿಂಗಿನಲ್ಲಿ ತೀರಿಸಬೇಕಾಗಿರುವುದರಿಂದಲೇ ಟೋನ್‌ಆರ್ಮ್ ತಯಾರಿಕೆ ಕಷ್ಟದ ಕಸುಬಾಗಿದೆ, ಒಳ್ಳೆಯ ತೋಳು ದುಬಾರಿಯೂ ಆಗಿದೆ.

ಇರುವ ತೋಳನ್ನೇ ಉಳಿಸಿಕೊಳ್ಳಬೇಕೆ, ಉತ್ತಮವಾದದ್ದನ್ನು ತರಬೇಕೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಜೋಡಣೆ ಅರ್ಧಕ್ಕೆ ಬಂದಾಗ ಏಳುತ್ತದೆ. ಹಳೆಯ ಥೋರೆನ್ಸ್ ಟಿಡಿ 160 ಒಂದನ್ನು ತಂದು, ಬೆಲ್ಟು ಬದಲಿಸಿ, ಬೇರಿಂಗಿಗೆ ಎಣ್ಣೆ ಬಿಟ್ಟು, ಪೆಟ್ಟಿಗೆಗೆ ಹೊಳಪು ಕೊಟ್ಟಾಗಿರುತ್ತದೆ. ಇನ್ನು ಕಾರ್ಟ್ರಿಜ್ ಕೂರಿಸಬೇಕು ಎನ್ನುವಾಗ ಕೈ ತಡೆಯುತ್ತದೆ. ಗಂಟೆಗಟ್ಟಲೆ ಕೂತು ಈ ತೋಳನ್ನು ಹೊಂದಿಸಿ, ಆರು ತಿಂಗಳಲ್ಲಿ ಇದನ್ನೇ ಕಿತ್ತು ಹಾಕುವುದಾದರೆ ಶ್ರಮವೆಲ್ಲ ದಂಡವಲ್ಲವೆ? ಈ ಅನುಮಾನಕ್ಕೆ ಆಧಾರವಿದೆ, ಆದರೆ ಅರ್ಧದಷ್ಟು ಮಾತ್ರ.

ಉಳಿಯುವ ಕೆಲಸ, ಅಳಿಯುವ ಕೆಲಸ

ಟರ್ನ್‌ಟೇಬಲ್ ಜೋಡಣೆಯಲ್ಲಿ ಎರಡು ಬಗೆಯ ಕೆಲಸಗಳಿವೆ. ಅಲುಗದ ಮೇಜು ಅಥವಾ ಗೋಡೆಗೆ ಬಿಗಿದ ಹಲಗೆಯನ್ನು ಹುಡುಕುವುದು, ರಸಮಟ್ಟ ಇಟ್ಟು ತಟ್ಟೆಯನ್ನು ಸಮ ಮಾಡುವುದು, ಮೋಟಾರು ಮತ್ತು ಬೆಲ್ಟು ಸರಿಮಾಡಿ ವೇಗವನ್ನು ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತಿಗೆ ತರುವುದು, ತಟ್ಟೆಯ ಬೇರಿಂಗನ್ನು ಒರೆಸಿ ಹೊಸ ಎಣ್ಣೆ ಹಾಕುವುದು, ಫೋನೋ ಪ್ರಿಆಂಪ್ಲಿಫೈಯರನ್ನು ಟ್ರಾನ್ಸ್‌ಫಾರ್ಮರುಗಳಿಂದ ದೂರ ಇಡುವುದು, ಇವೆಲ್ಲ ಮೊದಲ ಬಗೆಯವು. ತೋಳು ಯಾವುದೇ ಬರಲಿ ಇವು ಹಾಗೇ ಉಳಿಯುತ್ತವೆ. ಓವರ್‌ಹ್ಯಾಂಗ್ (ಮುಳ್ಳು ತಟ್ಟೆಯ ಕೇಂದ್ರವನ್ನು ದಾಟಿ ಚಾಚುವ ಅಳತೆ), ಕಾರ್ಟ್ರಿಜ್ಜಿನ ಕೋನ, ತೋಳಿನ ಎತ್ತರ, ಮುಳ್ಳಿನ ಭಾರ, ತೋಳಿನ ಒಳಮುಖದ ಸೆಳೆತವನ್ನು ಸರಿದೂಗಿಸುವ ಆ್ಯಂಟಿ-ಸ್ಕೇಟಿಂಗ್ ಎರಡನೆಯ ಬಗೆಯವು. ತೋಳು ಹೋದರೆ ಇವೂ ಅದರ ಜೊತೆಗೇ ಹೋಗುತ್ತವೆ. ಸ್ಪ್ರಿಂಗುಗಳ ಮೇಲೆ ತೂಗುವ ಟರ್ನ್‌ಟೇಬಲ್ಲಾದರೆ ಸ್ಪ್ರಿಂಗುಗಳ ಸಮತೋಲವನ್ನೂ ಈ ಎರಡನೆಯ ಪಟ್ಟಿಗೇ ಸೇರಿಸಬೇಕು.

ಆದ್ದರಿಂದ ಮೊದಲ ಬಗೆಯ ಕೆಲಸಗಳನ್ನೆಲ್ಲ ಮುಗಿಸಿ, ಎರಡನೆಯದಕ್ಕೆ ಕೈ ಹಾಕುವ ಮುನ್ನ ತೋಳಿನ ವಿಚಾರ ಮಾಡುವುದು ಸರಿಯಾದ ಘಟ್ಟ. ಆದರೆ ಅಲ್ಲೊಂದು ತೊಡಕಿದೆ. ತೋಳಿನ ಯೋಗ್ಯತೆ ತಿಳಿಯಬೇಕಾದರೆ ಅದನ್ನು ಸರಿಯಾಗಿ ಹೊಂದಿಸಿ ಕೇಳಿರಬೇಕು. ಸಾಧಾರಣ ತೋಳನ್ನು ನೆಟ್ಟಗೆ ಹೊಂದಿಸಿದಾಗ ಬರುವ ಧ್ವನಿ, ದುಬಾರಿ ತೋಳನ್ನು ಅಂದಾಜಿನಲ್ಲಿ ಹೊಂದಿಸಿದಾಗ ಬರುವ ಧ್ವನಿಗಿಂತ ಬಹುಪಾಲು ಸಲ ಚೆನ್ನಾಗಿರುತ್ತದೆ. ಒಮ್ಮೆ ಕೈ ಪಳಗಿತೆಂದರೆ ಈ ಎರಡನೆಯ ಬಗೆಯ ಕೆಲಸಕ್ಕೆ ಒಂದು ಸಂಜೆ ಸಾಕು. ಹಾಗಾಗಿ, ತೋಳಿನಲ್ಲಿ ಕಣ್ಣಿಗೆ ಕಾಣುವ ದೋಷವಿಲ್ಲದಿದ್ದರೆ, ಆ ಒಂದು ಸಂಜೆಯನ್ನು ಇರುವ ತೋಳಿಗೇ ಕೊಟ್ಟು ಜೋಡಣೆ ಮುಗಿಸುವುದೇ ಜಾಣತನ. ದೋಷವಿದ್ದರೆ, ಇಲ್ಲವೆ ತೋಳು ಕೂರುವ ಹಲಗೆಗೆ ತೂತು ಕೊರೆಯುವ ಕೆಲಸ ಮುಂದಿದ್ದರೆ, ನಿರ್ಧಾರ ಮೊದಲೇ ಆಗಬೇಕು.

ಇರುವ ತೋಳಿನ ಪರೀಕ್ಷೆ

ಬೇರಿಂಗಿನ ಪರೀಕ್ಷೆಗೆ ಹತ್ತು ನಿಮಿಷ ಬೇಕು, ಉಪಕರಣ ಬೇಕಿಲ್ಲ. ವಿದ್ಯುತ್ ತೆಗೆದು, ಮುಳ್ಳಿಗೆ ಮುಚ್ಚಳ ಹಾಕಿ, ಆ್ಯಂಟಿ-ಸ್ಕೇಟಿಂಗನ್ನು ಸೊನ್ನೆಗೆ ತಂದು, ಹಿಂಬದಿಯ ತೂಕವನ್ನು ತಿರುಗಿಸುತ್ತ ತೋಳು ಗಾಳಿಯಲ್ಲಿ ಅಡ್ಡಲಾಗಿ ತೇಲುವಂತೆ ಮಾಡಬೇಕು. ಮುಚ್ಚಳಕ್ಕೂ ತೂಕವಿದೆ, ಆದರೆ ಈ ಪರೀಕ್ಷೆಗೆ ಅದು ಅಡ್ಡಿಯಲ್ಲ. ತೇಲುವ ತೋಳನ್ನು ಬಾಯಿಂದ ಮೆಲ್ಲಗೆ ಊದಿದರೆ ಅದು ಸರಾಗವಾಗಿ ಸರಿದು, ನಿಧಾನವಾಗಿ ನಿಲ್ಲಬೇಕು. ಪ್ರತಿ ಸಲವೂ ಒಂದೇ ಜಾಗದಲ್ಲಿ ತಡವರಿಸಿ ನಿಂತರೆ ಬೇರಿಂಗಿನ ಗುಂಡುಗಳಲ್ಲೋ ಗುಳಿಯಲ್ಲೋ ಪೆಟ್ಟು ಬಿದ್ದಿದೆ ಎಂದರ್ಥ. ಕಾರ್ಟ್ರಿಜ್ ಕೂರುವ ಹೆಡ್‌ಶೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ, ಅಕ್ಕಪಕ್ಕ ಹಗುರವಾಗಿ ಆಡಿಸಿ ನೋಡಬೇಕು. ಬೇರಿಂಗಿನಲ್ಲಿ ಟಕ್ ಎಂಬ ಸಣ್ಣ ಸಡಿಲು ಬೆರಳಿಗೆ ಸಿಕ್ಕರೆ, ಮೆಕ್ಯಾನಿಕ್ಕುಗಳು ಹೇಳುವ ಹಾಗೆ, ಅದರಲ್ಲಿ ಆಟ ಇದೆ. ಗೀರಿನ ಅತಿ ಸೂಕ್ಷ್ಮ ಏರಿಳಿತ ಒಂದು ಮೈಕ್ರಾನಿಗೂ ಕಡಿಮೆ. ಬೆರಳಿಗೇ ತಿಳಿಯುವಷ್ಟು ಸಡಿಲು ಮುಳ್ಳಿನ ಲೆಕ್ಕದಲ್ಲಿ ಬಹಳ ದೊಡ್ಡದು.

ಈ ಪರೀಕ್ಷೆಗೆ ಅಪವಾದಗಳಿವೆ, ಅವು ತಿಳಿದಿಲ್ಲದೆ ಒಳ್ಳೆಯ ತೋಳುಗಳನ್ನು ಕೆಟ್ಟವೆಂದು ಮಾರಿದವರಿದ್ದಾರೆ. ಒಂದೇ ಮೊನೆಯ ಮೇಲೆ ನಿಲ್ಲುವ ಯೂನಿಪಿವಟ್ ತೋಳು ಅಕ್ಕಪಕ್ಕ ಓಲಾಡುವುದು ಸಹಜ. 1959ರಲ್ಲಿ ಬಂದ ಎಸ್‌ಎಂಇ 3009 ತೋಳು ಚೂರಿಯ ಬಾಯಿಯಂಥ ಅಂಚಿನ ಮೇಲೆ ತನ್ನ ತೂಕದಿಂದಲೇ ಕೂತಿರುತ್ತದೆ. ಮೇಲಕ್ಕೆತ್ತಿದರೆ ಅದು ಏಳುತ್ತದೆ, ಅದು ದೋಷವಲ್ಲ. ಆ ತೋಳಿನ ಹಿಂಬದಿಯ ತೂಕವನ್ನು ಹಿಡಿದಿರುವ ರಬ್ಬರು ದಶಕಗಳಲ್ಲಿ ಸೊರಗಿ ತೂಕ ಜೋತುಬೀಳುವುದುಂಟು. ಇದಕ್ಕೆ ರಬ್ಬರು ಬದಲಿಸಿದರಾಯಿತು, ತೋಳನ್ನು ಬದಲಿಸಬೇಕಾಗಿಲ್ಲ.

ಇನ್ನು ಒಳಗಿನ ತಂತಿಗಳು. ಕೂದಲೆಳೆಯಂಥ ಈ ತಂತಿಗಳು ಹೆಡ್‌ಶೆಲ್ಲಿನ ಹತ್ತಿರ ಮುರಿಯುವುದೇ ಹೆಚ್ಚು. ಮಲ್ಟಿಮೀಟರಿನಲ್ಲಿ ನೋಡುವಾಗ ಕಾರ್ಟ್ರಿಜ್ಜಿನ ಸಂಪರ್ಕ ಬಿಡಿಸಿರಲೇಬೇಕು. ಮೀಟರಿನ ಕರೆಂಟು ಮೂವಿಂಗ್ ಕಾಯಿಲ್ ಕಾರ್ಟ್ರಿಜ್ಜಿನ ಸುರುಳಿಯನ್ನು ಹಾಳುಮಾಡಬಲ್ಲದು. ತಂತಿ ಮುರಿದಿದ್ದರೆ ಹೊಸದು ಹಾಕಿಸಬಹುದು. ಬೇರಿಂಗಿನಲ್ಲಿ ಪೆಟ್ಟು ಬಿದ್ದಿದ್ದರೆ ಮಾತು ಬೇರೆ. ಆ ಬಗೆಯ ದುರಸ್ತಿ ಮಾಡಬಲ್ಲವರು ವಿರಳ, ತೋಳಿನ ಬೆಲೆಗೆ ಹೋಲಿಸಿದರೆ ಖರ್ಚೂ ಹೆಚ್ಚು. ಜೋಡಣೆಯನ್ನು ಅಲ್ಲಿಗೇ ನಿಲ್ಲಿಸಿ ಬೇರೆ ತೋಳು ನೋಡಲು ಇದು ನಿಸ್ಸಂದೇಹವಾದ ಕಾರಣ.

ತೂಕದ ಲೆಕ್ಕ

ತೋಳು ಆರೋಗ್ಯವಾಗಿದ್ದರೂ ಆರಿಸಿಕೊಂಡ ಕಾರ್ಟ್ರಿಜ್ಜಿಗೆ ಅದು ಹೊಂದದೆ ಇರಬಹುದು. ಮುಳ್ಳು ಕೂತಿರುವ ಸಣ್ಣ ಕಡ್ಡಿಯನ್ನು ರಬ್ಬರಿನ ಬಳೆಯೊಂದು ಹಿಡಿದಿರುತ್ತದೆ. ಅದು ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ, ಅದರ ಮೇಲೆ ತೋಳಿನ ತೂಕ. ಸ್ಪ್ರಿಂಗು ಮತ್ತು ತೂಕ ಎಲ್ಲಿ ಸೇರಿದರೂ ಅಲ್ಲೊಂದು ಅನುರಣನ ಹುಟ್ಟುತ್ತದೆ. ರೆಕಾರ್ಡಿನ ಸೊಟ್ಟತನ ತರುವ ಏರಿಳಿತ ಹೆಚ್ಚಾಗಿ 8 ಹರ್ಟ್ಜಿಗಿಂತ ಕೆಳಗೆ, ಸಂಗೀತ ಶುರುವಾಗುವುದು 20 ಹರ್ಟ್ಜಿನಿಂದ. ಅನುರಣನ ಇವೆರಡರ ನಡುವಿನ ಖಾಲಿ ಜಾಗದಲ್ಲಿ, 8ರಿಂದ 12 ಹರ್ಟ್ಜಿನೊಳಗೆ ಬಿದ್ದರೆ ಎರಡಕ್ಕೂ ತೊಂದರೆಯಿಲ್ಲ. ಅದಕ್ಕಿಂತ ಕೆಳಗಿಳಿದರೆ ಸೊಟ್ಟ ರೆಕಾರ್ಡು ಹಾಕಿದಾಗಲೆಲ್ಲ ತೋಳು ಕುಣಿಯುತ್ತದೆ, ಸ್ಪೀಕರಿನ ದೊಡ್ಡ ಕೋನು ಸದ್ದಿಲ್ಲದೆ ಒಳಗೆ ಹೊರಗೆ ಹೊಡೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ.

ಲೆಕ್ಕ ಕಷ್ಟವಿಲ್ಲ. ತೋಳಿನ ಎಫೆಕ್ಟಿವ್ ಮಾಸ್, ಕಾರ್ಟ್ರಿಜ್ಜಿನ ತೂಕ, ತಿರುಪುಗಳ ತೂಕ, ಮೂರನ್ನೂ ಗ್ರಾಮಿನಲ್ಲಿ ಕೂಡಬೇಕು. ಆ ಮೊತ್ತವನ್ನು ಕಾರ್ಟ್ರಿಜ್ಜಿನ ಕಂಪ್ಲಯನ್ಸಿನಿಂದ, ಅಂದರೆ ಅದರ ಬಳುಕುವ ಗುಣದ ಸಂಖ್ಯೆಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿದರೆ ಅನುರಣನದ ಆವರ್ತನ ಸಿಗುತ್ತದೆ. ಎಫೆಕ್ಟಿವ್ ಮಾಸ್ ಎಂದರೆ ತಕ್ಕಡಿಯಲ್ಲಿ ತೂಗಿದ ತೋಳಿನ ತೂಕವಲ್ಲ, ಮುಳ್ಳಿಗೆ ಅನುಭವವಾಗುವ ಜಡತ್ವ. ಹೆಡ್‌ಶೆಲ್ಲಿನಲ್ಲಿ ಇಟ್ಟ 1 ಗ್ರಾಂ ಹೆಚ್ಚುಕಡಿಮೆ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ. ಬೇರಿಂಗಿನಿಂದ 40 ಮಿ.ಮೀ. ಹಿಂದಿರುವ 100 ಗ್ರಾಮಿನ ತೂಕ 237 ಮಿ.ಮೀ. ಉದ್ದದ ತೋಳಿಗೆ ಸೇರಿಸುವುದು ಮೂರು ಗ್ರಾಮಿಗೂ ಕಡಿಮೆ, ಏಕೆಂದರೆ ಪರಿಣಾಮ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ.

ಥೋರೆನ್ಸ್ ಟಿಡಿ 160ರ ಮೊದಲ ಮಾದರಿಯ ಟಿಪಿ 16 ತೋಳಿನ ಎಫೆಕ್ಟಿವ್ ಮಾಸ್ 16.5 ಗ್ರಾಂ, ಭಾರದ ತೋಳು. ಅದಕ್ಕೆ 7.2 ಗ್ರಾಂ ತೂಕದ, ಕಂಪ್ಲಯನ್ಸ್ 20 ಇರುವ ಆರ್ಟೊಫೋನ್ 2ಎಂ ರೆಡ್ ಹಾಕಿದರೆ, ತಿರುಪಿಗೆ 1 ಗ್ರಾಂ ಸೇರಿಸಿ, ಅನುರಣನ 7.2 ಹರ್ಟ್ಜ್ ಬರುತ್ತದೆ. ಬೇಕಾದದ್ದಕ್ಕಿಂತ ಕೆಳಗೆ. ಇಷ್ಟನ್ನೇ ನೋಡಿ ತೋಳು ಹಳತು, ಬದಲಿಸಬೇಕು ಅನ್ನಿಸುತ್ತದೆ. ಅದೇ ತೋಳಿಗೆ ಡೆನಾನ್ ಡಿಎಲ್-103 ಹಾಕಿ ನೋಡಬಹುದು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಜೊತೆಗೂಡಿ 1960ರ ದಶಕದ ಆರಂಭದಲ್ಲಿ ರೂಪಿಸಿದ ಈ ಕಾರ್ಟ್ರಿಜ್ಜಿನ ತೂಕ 8.5 ಗ್ರಾಂ, ಕಂಪ್ಲಯನ್ಸ್ 100 ಹರ್ಟ್ಜಿನಲ್ಲಿ 5. ಜಪಾನಿನ ತಯಾರಕರು 100 ಹರ್ಟ್ಜಿನಲ್ಲಿ ಅಳೆಯುವುದರಿಂದ ಈ ಲೆಕ್ಕಕ್ಕೆ ಅದನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳುವುದು ರೂಢಿ. 10 ಎಂದು ಹಿಡಿದರೆ ಅನುರಣನ 9.9 ಹರ್ಟ್ಜ್, ಖಾಲಿ ಜಾಗದ ನಟ್ಟನಡುವೆ. ಪ್ರೊ-ಜೆಕ್ಟ್ ಡೆಬ್ಯೂ ಕಾರ್ಬನ್ನಿನ ಸುಮಾರು 6 ಗ್ರಾಮಿನ ಹೊಸ ತೋಳಿನಲ್ಲಿ ಇದೇ ಡೆನಾನ್ 12.8 ಹರ್ಟ್ಜಿಗೆ ಏರುತ್ತದೆ, 2ಎಂ ರೆಡ್ ಮಾತ್ರ 9.4ರಲ್ಲಿ ಚೆನ್ನಾಗಿ ಕೂರುತ್ತದೆ. ಡೆನಾನ್ ಬಳಸುವವರು ಹಳೆಯ ಟಿಪಿ 16 ಕೊಟ್ಟು ಹಗುರ ಕಾರ್ಬನ್ ತೋಳು ತಂದರೆ, ದುಡ್ಡೂ ಹೋಗಿ ಹೊಂದಾಣಿಕೆಯೂ ಕೆಡುತ್ತದೆ.

ಈ ಲೆಕ್ಕ ಕಟ್ಟುನಿಟ್ಟಾದದ್ದಲ್ಲ. ಅರ್ಧ ಹರ್ಟ್ಜಿನ ಹೆಚ್ಚುಕಡಿಮೆಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೆಡ್‌ಶೆಲ್ ಬಿಚ್ಚಿ ಹಾಕಬಹುದಾದ ತೋಳುಗಳಲ್ಲಿ ಭಾರದ್ದೋ ಹಗುರದ್ದೋ ಹೆಡ್‌ಶೆಲ್ ಹಾಕಿ ನಾಲ್ಕೈದು ಗ್ರಾಂ ಹೊಂದಿಸಿಕೊಳ್ಳಬಹುದು. ಟೆಕ್ನಿಕ್ಸ್ ಎಸ್‌ಎಲ್-1200ರ ತೋಳು ತನ್ನದೇ ಹೆಡ್‌ಶೆಲ್ಲಿನ ಜೊತೆ ಸುಮಾರು 12 ಗ್ರಾಂ. ಅದು ಬಗೆಬಗೆಯ ಕಾರ್ಟ್ರಿಜ್ಜುಗಳಿಗೆ ಒಗ್ಗುವುದು ಈ ಮಧ್ಯಮ ತೂಕದಿಂದಲೇ. ಕಾರ್ಟ್ರಿಜ್ ಬದಲಿಸುವುದು ತೋಳು ಬದಲಿಸುವುದಕ್ಕಿಂತ ಸದಾ ಸುಲಭ. ಹಾಗಾಗಿ ಲೆಕ್ಕ ಹೊಂದದಿದ್ದರೆ ಮೊದಲು ಮರುವಿಚಾರ ಮಾಡಬೇಕಾದದ್ದು ಕಾರ್ಟ್ರಿಜ್ಜಿನ ಆಯ್ಕೆಯನ್ನೇ.

ತೋಳಿನ ಮೇಲೆ ಸುಮ್ಮನೆ ಬರುವ ಆಪಾದನೆ

ರೆಕಾರ್ಡಿನ ಕೊನೆಯ ಭಾಗದಲ್ಲಿ ಧ್ವನಿ ಒರಟಾಗುತ್ತದೆ, ಸಕಾರ ಶಕಾರಗಳು ಸಿಡಿಯುತ್ತವೆ ಎಂಬುದು ತೋಳು ಬದಲಿಸುವವರ ಮುಖ್ಯ ದೂರು. ಅದರ ಮೂಲ ರೆಕಾರ್ಡಿನ ಸ್ವರೂಪದಲ್ಲೇ ಇದೆ. ಹನ್ನೆರಡು ಇಂಚಿನ ಎಲ್‌ಪಿಯ ಹೊರಗಿನ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡುತ್ತದೆ, ಒಳಗಿನ ಕೊನೆಯ ಗೀರು ಸುಮಾರು 21 ಸೆಂ.ಮೀ. ಮಾತ್ರ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದಂತೆ. ಖಯಾಲ್ ಗಾಯನದ ಎಲ್‌ಪಿಗಳಲ್ಲಿ ಇದು ವಿಶೇಷವಾಗಿ ಕಾಡುತ್ತದೆ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರಂಥವರ ರೆಕಾರ್ಡುಗಳಲ್ಲಿ ಬದಿಗೊಂದು ರಾಗದಂತೆ ಇಪ್ಪತ್ತು ನಿಮಿಷದಷ್ಟು ಹಾಡಿರುವುದುಂಟು. ವಿಲಂಬಿತದ ನಿಧಾನ ಆಲಾಪ ವಿಶಾಲವಾದ ಹೊರಗಿನ ಗೀರುಗಳಲ್ಲಿ ಹಾಯಾಗಿ ಹರಡಿಕೊಂಡರೆ, ದ್ರುತ್‌ನ ಮಿಂಚಿನ ತಾನುಗಳು ಇಕ್ಕಟ್ಟಾದ ಒಳಗೀರುಗಳಿಗೆ ಬೀಳುತ್ತವೆ. ಹಾಡುಗಾರಿಕೆ ಕಾವೇರುವ ಹೊತ್ತಿಗೆ ಮುಳ್ಳಿನ ಕಷ್ಟವೂ ಏರುತ್ತದೆ.

ಇದಕ್ಕೆ ಬಹುತೇಕ ಮದ್ದು ಕೋನದ ಹೊಂದಾಣಿಕೆ. ರೆಕಾರ್ಡು ಕೊರೆಯುವ ಯಂತ್ರದ ತಲೆ ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸಾಗುತ್ತದೆ, ತೋಳಾದರೋ ಒಂದು ಬಿಂದುವಿನ ಸುತ್ತ ಕಮಾನಾಗಿ ತಿರುಗುತ್ತದೆ. ಎರಡೂ ಪೂರ್ತಿ ಹೊಂದುವಂತಿಲ್ಲ. ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್ 1938ರಲ್ಲಿ, ಬೇರ್‌ವಾಲ್ಡ್ 1941ರಲ್ಲಿ ತೋರಿಸಿಕೊಟ್ಟ ಉಪಾಯವೆಂದರೆ, ಮುಳ್ಳು ತಟ್ಟೆಯ ಕೇಂದ್ರವನ್ನು ತುಸು ದಾಟಿ ಹೋಗುವಂತೆ ತೋಳನ್ನು ಚಾಚಿಸಿ, ಕಾರ್ಟ್ರಿಜ್ಜನ್ನು ಒಳಮುಖವಾಗಿ ಓರೆ ಮಾಡುವುದು. ಈ ಚಾಚುವಿಕೆಯೇ ಓವರ್‌ಹ್ಯಾಂಗ್. ಆಗ ಕೇಂದ್ರದಿಂದ 66.0 ಮತ್ತು 120.9 ಮಿ.ಮೀ. ದೂರದ ಎರಡು ಜಾಗಗಳಲ್ಲಿ ದೋಷ ಸೊನ್ನೆಯಾಗುತ್ತದೆ, ಉಳಿದೆಡೆ ಒಂಬತ್ತು ಇಂಚಿನ ತೋಳಿನಲ್ಲಿ ಎರಡು ಡಿಗ್ರಿಯ ಸುತ್ತಮುತ್ತ ನಿಲ್ಲುತ್ತದೆ. 1966ರಲ್ಲಿ ಸ್ಟೀವನ್‌ಸನ್ ಮುಂದಿಟ್ಟ ಲೆಕ್ಕ ಸೊನ್ನೆಯ ಒಂದು ಜಾಗವನ್ನು ಒಳಗಿನ ಕೊನೆಯ ಗೀರಿಗೇ, 60.3 ಮಿ.ಮೀ.ಗೆ, ತಂದಿಡುತ್ತದೆ. ಟೆಕ್ನಿಕ್ಸ್ ತೋಳಿನ ಅಳತೆಗಳು ಇದಕ್ಕೆ ಹತ್ತಿರ. ಉದ್ದನೆಯ ಖಯಾಲ್ ಬದಿಗಳನ್ನೇ ಹೆಚ್ಚು ಕೇಳುವವರಿಗೆ ಸ್ಟೀವನ್‌ಸನ್ ಲೆಕ್ಕದ ಪ್ರೊಟ್ರಾಕ್ಟರು ಒಪ್ಪುತ್ತದೆ. ಪ್ರೊಟ್ರಾಕ್ಟರ್ ಎಂದರೆ ಗೆರೆ ಎಳೆದ ಒಂದು ಹಾಳೆ ಅಥವಾ ಕನ್ನಡಿ. ತೋಳಿಗೆ ಸುರಿಯುವ ಹಣಕ್ಕೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ, ಆದರೆ ಕೊನೆಯ ಗೀರುಗಳ ಒರಟುತನವನ್ನು ಅದು ತಗ್ಗಿಸುವಷ್ಟು ಹೊಸ ತೋಳು ತಗ್ಗಿಸುವುದು ಅಪರೂಪ.

ಆಮೇಲೆ ಮುಳ್ಳಿನ ವಯಸ್ಸು ನೋಡಬೇಕು. ಆಡಿಯೋ-ಟೆಕ್ನಿಕಾ ತನ್ನ ದೀರ್ಘವೃತ್ತಾಕಾರದ ಮುಳ್ಳಿಗೆ 300 ಗಂಟೆ, ದುಂಡು ಮೊನೆಯದಕ್ಕೆ 500 ಗಂಟೆ, ಮೈಕ್ರೊಲೀನಿಯರ್ ಮೊನೆಗೆ 1000 ಗಂಟೆ ಆಯುಷ್ಯ ಹೇಳುತ್ತದೆ. ದಿನಕ್ಕೊಂದು ಗಂಟೆ ಕೇಳಿದರೂ ಮೊದಲನೆಯದು ವರ್ಷದೊಳಗೆ ಮುಗಿಯಿತು. ಹಳೆಯ ಟರ್ನ್‌ಟೇಬಲ್ಲಿನ ಜೊತೆ ಬಂದ ಮುಳ್ಳಿನ ಗಂಟೆ ಯಾರೂ ಎಣಿಸಿರುವುದಿಲ್ಲ. ರೆಕಾರ್ಡು ಸವೆದಿರುವುದೂ ಉಂಟು. ಕೋಲ್ಕತ್ತದ ಡಮ್‌ಡಮ್‌ನಲ್ಲಿ ಒತ್ತಿದ ಎಷ್ಟೋ ಎಲ್‌ಪಿಗಳು ನಮ್ಮ ಮನೆಗಳಲ್ಲಿ ಸೂಟ್‌ಕೇಸಿನಂಥ ಪ್ಲೇಯರುಗಳ ಸೆರಾಮಿಕ್ ಕಾರ್ಟ್ರಿಜ್ಜಿನ ಕೆಳಗೆ, ನಾಲ್ಕೈದು ಗ್ರಾಮಿನ ಭಾರದಲ್ಲಿ, ವರ್ಷಗಟ್ಟಲೆ ಓಡಿದವು. ಆ ಗೀರುಗಳಲ್ಲಿ ಉಂಟಾದ ಗಾಯವನ್ನು ಯಾವ ತೋಳೂ ಮಾಯಿಸಲಾರದು. ತೋಳನ್ನು ದೂರುವ ಮುನ್ನ, ಎಂದೂ ಹಳೆಯ ಪ್ಲೇಯರಿಗೆ ಬೀಳದ ಒಂದು ಹೊಸ ರೆಕಾರ್ಡನ್ನು ಹಾಕಿ ಕೇಳುವುದು ಕಡ್ಡಾಯವೆಂದೇ ಹೇಳಬೇಕು.

ಬಲಗಡೆಯ ಸ್ಪೀಕರಿನಲ್ಲಿ ಮಾತ್ರ ಧ್ವನಿ ಒಡೆದರೆ ಆ್ಯಂಟಿ-ಸ್ಕೇಟಿಂಗ್ ಸಾಲದೆಂದು ಹಿಡಿಯಬಹುದು. ಓರೆ ಕೂತ ಕಾರ್ಟ್ರಿಜ್ಜಿನಿಂದಾಗಿ ತೋಳಿಗೆ ಒಳಮುಖದ ಸೆಳೆತವಿರುತ್ತದೆ. ಅದನ್ನು ಸರಿದೂಗಿಸದಿದ್ದರೆ ಮುಳ್ಳು ಎಡ ಚಾನೆಲ್ಲಿನ ಒಳಗೋಡೆಗೆ ಒತ್ತಿಕೊಂಡು, ಬಲ ಚಾನೆಲ್ಲಿನ ಹೊರಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಎರಡೂ ಕಡೆ ಒಡೆದರೆ ಭಾರ ಕಡಿಮೆಯಾಗಿರಬಹುದು. 2ಎಂ ರೆಡ್‌ಗೆ 1.8, ಡಿಎಲ್-103ಕ್ಕೆ 2.5 ಗ್ರಾಂ ಎಂದು ತಯಾರಕರು ಹೇಳಿದ್ದಾರೆ. ಭಾರ ಇಳಿಸಿದರೆ ರೆಕಾರ್ಡು ಉಳಿಯುತ್ತದೆ ಎಂಬ ನಂಬಿಕೆ ತಪ್ಪು. ಹಗುರಾದ ಮುಳ್ಳು ಗೀರಿನಲ್ಲಿ ಎಗರಿ ಎಗರಿ ಬೀಳುತ್ತ ಹೆಚ್ಚು ಹಾಳು ಮಾಡುತ್ತದೆ. ಗುಂಯ್ ಎನ್ನುವ 50 ಹರ್ಟ್ಜಿನ ಸದ್ದು ಸಾಮಾನ್ಯವಾಗಿ ಅರ್ತ್ ತಂತಿಯ ಸಮಸ್ಯೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿನಲ್ಲಿ ಧ್ವನಿ ತೀರ ಮೊನಚಾಗಿದ್ದರೆ ಕೇಬಲ್ಲಿನ ಕೆಪಾಸಿಟನ್ಸ್ ಹೆಚ್ಚಾಗಿರಬಹುದು.

ತೋಳಿನ ಎತ್ತರದ ಬಗ್ಗೆ ಅತಿಯಾದ ಚಿಂತೆ ಬೇಡ. ಒಂಬತ್ತು ಇಂಚಿನ ತೋಳಿನ ಹಿಂಬದಿಯನ್ನು 4 ಮಿ.ಮೀ. ಎತ್ತಿದರೆ ಮುಳ್ಳಿನ ಕೋನ ಬದಲಾಗುವುದು ಒಂದೇ ಡಿಗ್ರಿ. ತೆಳು ರೆಕಾರ್ಡಿಗೂ ದಪ್ಪ ರೆಕಾರ್ಡಿಗೂ ಇರುವ ಅಂತರ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ತೋಳಿನ ಕೊಳವೆ ರೆಕಾರ್ಡಿಗೆ ಸಮಾಂತರವಾಗಿದ್ದರೆ ಹೆಚ್ಚಿನವರಿಗೆ ಅಷ್ಟು ಸಾಕು. ಎತ್ತರ ಹೊಂದಿಸುವ ವ್ಯವಸ್ಥೆ ಇಲ್ಲ ಎಂಬ ಒಂದೇ ಕಾರಣಕ್ಕೆ ರೇಗಾ ತೋಳನ್ನು ಬದಲಿಸುವವರಿದ್ದಾರೆ. ಆರ್ಟೊಫೋನ್ 2ಎಂನಂಥ ಎತ್ತರದ ಕಾರ್ಟ್ರಿಜ್ ಹಾಕಿದಾಗ ತೋಳಿನ ಬುಡಕ್ಕೆ 2 ಮಿ.ಮೀ. ದಪ್ಪದ ಬಿಲ್ಲೆ ಇಟ್ಟರೆ ಆ ಕೊರತೆ ತೀರುತ್ತದೆ.

ಮೊದಲೇ ಬದಲಿಸಬೇಕಾದ ಸಂದರ್ಭ

ಬೇರಿಂಗು ಕೆಟ್ಟಿರುವುದು ಒಂದು ಸಂದರ್ಭ. ಟರ್ನ್‌ಟೇಬಲ್ ತೋಳಿಲ್ಲದೆಯೇ ಬಂದಿದ್ದು, ತೋಳು ಕೂರುವ ಹಲಗೆಯಾದ ಆರ್ಮ್‌ಬೋರ್ಡಿಗೆ ಇನ್ನೂ ತೂತು ಕೊರೆಯದಿರುವುದು ಇನ್ನೊಂದು. ತಾತ್ಕಾಲಿಕವೆಂದು ಒಂದು ತೋಳಿಗೆ ಕೊರೆದ ತೂತು ಮುಂದೆ ಬರುವ ತೋಳಿಗೆ ಹೊಂದುವುದು ಅಪರೂಪ. ತಟ್ಟೆಯ ಕೇಂದ್ರದಿಂದ ತೋಳಿನ ಬೇರಿಂಗಿಗೆ ಇರಬೇಕಾದ ದೂರ ರೇಗಾಕ್ಕೆ 222 ಮಿ.ಮೀ., ಟೆಕ್ನಿಕ್ಸಿಗೆ 215, ಲಿನ್ ತೋಳುಗಳಿಗೆ 211.

ಮೂರನೆಯದು ಸ್ಪ್ರಿಂಗಿನ ಮೇಲೆ ತೂಗುವ ಟರ್ನ್‌ಟೇಬಲ್ಲುಗಳದ್ದು. ಥೋರೆನ್ಸ್ ಟಿಡಿ 160, ಲಿನ್ ಎಲ್‌ಪಿ12 ಎರಡರಲ್ಲೂ ತಟ್ಟೆ ಮತ್ತು ತೋಳು ಒಂದೇ ಒಳಚೌಕಟ್ಟಿನ ಮೇಲಿದ್ದು, ಅದು ಮೂರು ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ. ಹೊಸ ತೋಳು ಹಳೆಯದಕ್ಕಿಂತ ನೂರು ಗ್ರಾಂ ಹೆಚ್ಚು ತೂಗಿದರೂ ತೋಳಿರುವ ಮೂಲೆ ಕುಸಿದು, ಮಾಡಿದ ಸಮತೋಲವೆಲ್ಲ ಮೊದಲಿಗೆ ಬರುತ್ತದೆ. ಮೂರು ಸ್ಪ್ರಿಂಗುಗಳನ್ನು ತಿರುವಿ ತಿರುವಿ ಹದಕ್ಕೆ ತರುವುದು ತಾಳ್ಮೆಯ ಕೆಲಸ. ತೋಳು ಬದಲಿಸುವ ಮನಸ್ಸು ಗಟ್ಟಿಯಾಗಿದ್ದರೆ ಇಲ್ಲಿ ಸ್ಪ್ರಿಂಗಿಗೆ ಕೈ ಹಾಕುವ ಮುಂಚೆಯೇ ಬದಲಿಸುವುದು ಮೇಲು.

ಹಣದ ಲೆಕ್ಕವೂ ಇದೆ. ಮೊದಲು ಟರ್ನ್‌ಟೇಬಲ್, ಆಮೇಲೆ ತೋಳು, ಕೊನೆಗೆ ಕಾರ್ಟ್ರಿಜ್ ಎಂಬ ಕ್ರಮವನ್ನು 1970ರ ದಶಕದಲ್ಲಿ ಲಿನ್ ಸಂಸ್ಥೆಯ ಐವರ್ ಟೀಫೆನ್‌ಬ್ರನ್ ಗಟ್ಟಿಯಾಗಿ ಪ್ರತಿಪಾದಿಸಿದರು. ಕಾರ್ಟ್ರಿಜ್ಜೇ ಎಲ್ಲ ಎಂಬ ಅಂದಿನ ತಿಳಿವಳಿಕೆಗೆ ಅದು ಬೇಕಾಗಿದ್ದ ತಿದ್ದುಪಡಿ. ಆದರೆ 1983ರಲ್ಲಿ ಬಂದ ರೇಗಾ ಆರ್‌ಬಿ300, ಒಂದೇ ಎರಕದ ಕೊಳವೆಯಿಂದ, ಕಡಿಮೆ ಬೆಲೆಗೂ ಗಟ್ಟಿಮುಟ್ಟಾದ ತೋಳು ಕೊಡಬಹುದೆಂದು ತೋರಿಸಿತು. ಅಂಥ ತೋಳು ಈಗಾಗಲೇ ಇರುವವರು ಅದನ್ನು ಬದಲಿಸಿ ಪಡೆಯುವ ಲಾಭ, ಅದೇ ಹಣಕ್ಕೆ ಉತ್ತಮ ಮೊನೆಯ ಕಾರ್ಟ್ರಿಜ್ ತಂದು ಪಡೆಯುವ ಲಾಭಕ್ಕಿಂತ ಕಡಿಮೆ. ತೆಳು ತಗಡಿನ ಕೊಳವೆ, ಸಡಿಲು ಬೇರಿಂಗು ಇರುವ ಅಗ್ಗದ ತೋಳಿಗೆ ದುಬಾರಿ ಕಾರ್ಟ್ರಿಜ್ ಹಾಕುವುದು ಮಾತ್ರ ದಂಡ. ಆದರೆ ತೋಳು ಅಂಥದ್ದಾಗಿದ್ದರೆ ಸಾಮಾನ್ಯವಾಗಿ ಟರ್ನ್‌ಟೇಬಲ್ಲೂ ಅಂಥದ್ದೇ ಇರುತ್ತದೆ. ಆಗ ಬದಲಿಸಬೇಕಾದದ್ದು ಇಡೀ ಯಂತ್ರವನ್ನು.

ಹೊಂದುವ ತೋಳು ಹುಡುಕುವಾಗ

ಕೊಳ್ಳುವ ಮುನ್ನ ಕೆಲವು ಅಳತೆಗಳು ಕೈಯಲ್ಲಿರಬೇಕು. ಕೇಂದ್ರದಿಂದ ಬೇರಿಂಗಿನ ದೂರ, ಆರ್ಮ್‌ಬೋರ್ಡಿನಿಂದ ರೆಕಾರ್ಡಿನ ಮೇಲ್ಮೈಗೆ ಇರುವ ಎತ್ತರ, ತೋಳಿನ ಹಿಂಬದಿಗೆ ಉಳಿದಿರುವ ಜಾಗ. ಕೊನೆಯದನ್ನು ಮರೆಯುವವರು ಬಹಳ. ತೋಳು ಒಳಕ್ಕೆ ಸಾಗಿದಂತೆ ಹಿಂಬದಿಯ ತೂಕ ಹೊರಕ್ಕೆ ತಿರುಗಿ ಟರ್ನ್‌ಟೇಬಲ್ಲಿನ ಮುಚ್ಚಳಕ್ಕೆ ತಾಗಬಹುದು. ಹನ್ನೆರಡು ಇಂಚಿನ ತೋಳಿನಲ್ಲಿ ಕೋನದ ದೋಷ ಕಡಿಮೆ ಎಂಬುದು ನಿಜ. ಆದರೆ ಅದರ ಜಡತ್ವ ಹೆಚ್ಚು, ಸಾಮಾನ್ಯ ಪೆಟ್ಟಿಗೆಗಳಲ್ಲಿ ಅದಕ್ಕೆ ಜಾಗವೂ ಇಲ್ಲ.

ಕೂರಿಸುವ ಬಗೆಗಳೂ ಬೇರೆ ಬೇರೆ. ಹಳೆಯ ಆರ್‌ಬಿ300 ಒಂದೇ ದೊಡ್ಡ ನಟ್ಟಿನಲ್ಲಿ ಕೂರುತ್ತದೆ, ನಂತರದ ರೇಗಾ ತೋಳುಗಳು ಮೂರು ತಿರುಪಿನಲ್ಲಿ. ಎಸ್‌ಎಂಇಯ ಬುಡ ಉದ್ದನೆಯ ಕಿಂಡಿಯಲ್ಲಿ ಹಿಂದೆ ಮುಂದೆ ಜಾರುವುದರಿಂದ ಕೊರೆಯುವಾಗ ಆದ ಸಣ್ಣ ತಪ್ಪನ್ನು ಅಲ್ಲೇ ತಿದ್ದಬಹುದು. ಉಳಿದವುಗಳಲ್ಲಿ ಆ ತಿದ್ದುಪಡಿ ಹೆಡ್‌ಶೆಲ್ಲಿನ ಸೀಳುಗಳಲ್ಲಿ ಕಾರ್ಟ್ರಿಜ್ಜನ್ನು ಸರಿಸಿಯೇ ಆಗಬೇಕು, ಅದಕ್ಕೊಂದು ಮಿತಿಯಿದೆ.

ಬಿಡಿ ತೋಳುಗಳ ಪೇಟೆ ಈಚೆಗೆ ಕಿರಿದಾಗಿದೆ. ಎಸ್‌ಎಂಇ 2019ರ ಕೊನೆಯಲ್ಲಿ ತೋಳುಗಳನ್ನು ಬಿಡಿಯಾಗಿ ಮಾರುವುದನ್ನು ನಿಲ್ಲಿಸಿತು, ಅನೇಕ ಕಂಪನಿಗಳಿಗೆ ತೋಳು ಮಾಡಿಕೊಡುತ್ತಿದ್ದ ಜಪಾನಿನ ಜೆಲ್ಕೊ 2020ರಲ್ಲಿ ಬಾಗಿಲು ಮುಚ್ಚಿತು. ಹಾಗಾಗಿ ಬಹುಮಂದಿ ಬಳಸಿದ ತೋಳುಗಳನ್ನೇ ನೋಡಬೇಕಾಗುತ್ತದೆ. ಬಳಸಿದ ತೋಳನ್ನು ಅಂಚೆಯಲ್ಲಿ ತರಿಸುವುದಾದರೆ ಹಿಂಬದಿಯ ತೂಕ ಬಿಚ್ಚಿ ಬೇರೆ ಸುತ್ತಿಸಿರಬೇಕು, ತೋಳನ್ನು ಅದರ ಆಸರೆಗೆ ಕಟ್ಟಿಸಿರಬೇಕು. ಎಷ್ಟೋ ಬೇರಿಂಗುಗಳು ಕೆಡುವುದು ಬಳಕೆಯಲ್ಲಲ್ಲ, ಪ್ರಯಾಣದಲ್ಲಿ. ಆ ತೋಳಿನ ತೂಕ, ಬಿಲ್ಲೆ, ನಟ್ಟು ಎಲ್ಲವೂ ಜೊತೆಗಿವೆಯೆ ಎಂದು ಮೊದಲೇ ಕೇಳಿಕೊಳ್ಳಬೇಕು. ಬೇರೆ ತೋಳಿನ ತೂಕ ಹಾಕಿದರೆ ಮುಳ್ಳಿನ ಭಾರದ ಗುರುತುಗಳು ಸುಳ್ಳಾಗುತ್ತವೆ. ಏನೇ ಆದರೂ ಡಿಜಿಟಲ್ ತಕ್ಕಡಿಯಲ್ಲಿ ನೋಡಿ ಭಾರ ಇಡುವುದು ಒಳ್ಳೆಯದು.

ತೂತು ಕೊರೆಯುವಾಗ ಅಳತೆಯನ್ನು ತಟ್ಟೆಯ ನಡುವಿನ ಕಡ್ಡಿಯ ಅಂಚಿನಿಂದ ಹಿಡಿಯದೆ ಅದರ ಕೇಂದ್ರದಿಂದ ಹಿಡಿಯಬೇಕು. ಆ ಕಡ್ಡಿ 7 ಮಿ.ಮೀ.ಗೂ ದಪ್ಪ, ಅಂಚಿನಿಂದ ಅಳೆದರೆ ಮೂರೂವರೆ ಮಿ.ಮೀ. ತಪ್ಪುತ್ತದೆ. ಮೊದಲು ರಟ್ಟಿನ ಮಾದರಿ ಕತ್ತರಿಸಿ, ತೋಳನ್ನು ಅದರ ಮೇಲಿಟ್ಟು, ಕೊನೆಯ ಗೀರಿನವರೆಗೂ ತಿರುಗಿಸಿ ನೋಡಿದ ಮೇಲೆಯೇ ಮರಕ್ಕೆ ಕೈ ಹಾಕಬೇಕು.

ತೋಳು ಕೂತ ಮೇಲೆ ಕೆಲಸದ ಸರಣಿ ಹೀಗೆ ಸಾಗುತ್ತದೆ: ಎತ್ತರವನ್ನು ಅಂದಾಜಿಗೆ ಹೊಂದಿಸಿ, ಭಾರ ಇಟ್ಟು, ಪ್ರೊಟ್ರಾಕ್ಟರಿನಲ್ಲಿ ಓವರ್‌ಹ್ಯಾಂಗ್ ಮತ್ತು ಕೋನ ಸರಿಮಾಡಿ, ಕಾರ್ಟ್ರಿಜ್ ಸರಿದಿರುವುದರಿಂದ ಭಾರವನ್ನು ಮತ್ತೆ ನೋಡಿ, ಕಡೆಗೆ ಆ್ಯಂಟಿ-ಸ್ಕೇಟಿಂಗ್. ತೂಗುವ ಟರ್ನ್‌ಟೇಬಲ್ಲಿನಲ್ಲಿ ಇದಾದ ಮೇಲೆ ಸ್ಪ್ರಿಂಗುಗಳನ್ನು ಹೊಂದಿಸಿ, ತೋಳಿನ ಕೆಳಗಿಂದ ಹೊರಬರುವ ಕೇಬಲ್ಲನ್ನು ಸಡಿಲವಾದ ಕೊಂಡಿಯಂತೆ ಬಾಗಿಸಿ ಪೆಟ್ಟಿಗೆಗೆ ಸಿಕ್ಕಿಸಬೇಕು. ತಟ್ಟೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಟ್ಟಾಗ ಅದು ನೇರ ಮೇಲೆ ಕೆಳಗೆ ಆಡಬೇಕು. ಓರೆಯಾಗಿ ಓಲಾಡಿದರೆ ಬಹುಮಟ್ಟಿಗೆ ಕೇಬಲ್ಲೇ ಒಳಚೌಕಟ್ಟನ್ನು ಒಂದು ಕಡೆಗೆ ಎಳೆಯುತ್ತಿರುತ್ತದೆ. ಅದನ್ನು ಬಿಡಿಸಿ, ಇನ್ನಷ್ಟು ಸಡಿಲವಾಗಿ ಮತ್ತೆ ಸಿಕ್ಕಿಸಬೇಕು.